ಮೂರು ಸಲ ನೋಡಿದ್ದೇನೆ

ಮಾರ್ಚ್ 4, ಮಂಗಳವಾರ

ಹಲ್ಲು ಹೋಯಿತು. ಬಲಗಡೆಯ ಕೊನೆಯ ದವಡೆ ಹಲ್ಲು. ಇಪ್ಪತ್ತೆಂಟು ವರ್ಷದಿಂದ ನರ್ಸ್ ಆಗಿದ್ದೇನೆ, ನೋವು ನನಗೇನೂ ಹೊಸದಲ್ಲ ಎಂದು ದಂತವೈದ್ಯನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಆಮೇಲೆ ಅವನ ಸಹಾಯಕಿಯ ಮಣಿಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಅಕ್ಕ ಇದನ್ನು ಎದುರುಮನೆಯವರಿಗೂ ಹೇಳಿಯಾಗಿದೆ. ಶಾಲೆಯಿಂದ ನಿವೃತ್ತಳಾದ ಮೇಲೆ ತಪ್ಪು ಹುಡುಕಲು ಅವಳಿಗೆ ಉಳಿದಿರುವ ಒಬ್ಬಳೇ ವಿದ್ಯಾರ್ಥಿನಿ ನಾನು.

ಇಡೀ ದಿನ ರಜೆ. ಬೆಳಗಿನಿಂದ ವಾರ್ಡಿನವರು ಆರು ಸಲ ಫೋನ್ ಮಾಡಿದರು. ನಾನೊಂದು ದಿನ ಇಲ್ಲದಿದ್ದರೆ ಐಸಿಯುವಿನಲ್ಲಿ ಹತ್ತಿ ಎಲ್ಲಿದೆ ಎಂದು ಕೂಡ ಯಾರಿಗೂ ಗೊತ್ತಾಗುವುದಿಲ್ಲ. ಆರನೆಯ ಸಲ ಅಕ್ಕನೇ ಎತ್ತಿ, ಇವತ್ತು ಹತ್ತಿಯೆಲ್ಲ ಅವಳ ಬಾಯಲ್ಲಿದೆ, ನೀವೂ ಒಂದು ದಿನ ನೆಮ್ಮದಿಯಾಗಿರಿ ಎಂದು ಹೇಳಿ ಇಟ್ಟಳು. ದವಡೆ ಊದಿದೆ. ಮಲಗುತ್ತೇನೆ.

ಮಾರ್ಚ್ 24, ಸೋಮವಾರ

ನಾಡಿದ್ದು ವಾರ್ಡಿನ ತಪಾಸಣೆ. ಇವತ್ತು ಮಧ್ಯಾಹ್ನದಿಂದ ಸಂಜೆಯವರೆಗೂ ಸ್ಟೋರಿನ ಬಾಗಿಲು ಹಾಕಿಕೊಂಡು ಕೂತು ಹದಿನಾಲ್ಕು ಕೌಶಲ ಪುಸ್ತಕಗಳಿಗೆ ಸಹಿ ಹಾಕಿದೆ. ಬೆರಳು ಮರಗಟ್ಟಿದೆ.

ಈ ಪುಸ್ತಕ ಯಾವ ಮಹಾನುಭಾವನ ತಲೆಯಿಂದ ಬಂತೋ. ಐಸಿಯುವಿನ ಪ್ರತಿ ನರ್ಸಿಗೂ ಒಂದೊಂದು. ಅಪಾಯವಿರುವ ಪ್ರತಿ ಕೆಲಸವನ್ನೂ ಮೇಲ್ವಿಚಾರಕಿ, ಅಂದರೆ ನಾನು, ಮೊದಲು ಮಾಡಿ ತೋರಿಸಬೇಕಂತೆ. ಆಮೇಲೆ ಅವರು ಮಾಡುವಾಗ ಪಕ್ಕದಲ್ಲಿ ನಿಂತು ಮೂರು ಸಲ ನೋಡಬೇಕಂತೆ. ಪ್ರತಿ ಸಲಕ್ಕೂ ಒಂದು ಖಾನೆ, ಖಾನೆಯಲ್ಲಿ 'ನೋಡಿದ್ದೇನೆ' ಎಂದು ಅಚ್ಚಾಗಿದೆ. ಅದರ ಕೆಳಗೆ ತಾರೀಕು, ಸಹಿ. ಹದಿನಾಲ್ಕು ಜನ, ಇಪ್ಪತ್ತೆರಡು ಕೆಲಸ, ಮೂರು ಮೂರು ಸಲ. ನನಗೆ ಹತ್ತು ತಲೆ ಇದ್ದರೂ ಆಗದ ಮಾತು. ಎಲ್ಲ ವಾರ್ಡಿನಲ್ಲೂ ತಪಾಸಣೆಗೆ ಮುಂಚೆ ಹೀಗೇ ನಡೆಯುವುದು. ನಾನಾದರೂ ಒಂದಿಷ್ಟು ನಿಯತ್ತಿನವಳು. ವಾರ್ಡಿನ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು, ಯಾವ ದಿನ ಯಾವ ಕೆಲಸ ನಿಜವಾಗಿ ನಡೆದಿದೆಯೋ ಅದೇ ತಾರೀಕು ಹಾಕಿದ್ದೇನೆ.

ಕೊನೆಯ ಪುಸ್ತಕ ಸರಿ-ಮೇಡಂಳದು. ಜನವರಿಯಲ್ಲಿ ಸೇರಿದವಳು. ಮಕ್ಕಳೆಂದು ಎಂಟು ವರ್ಷ ಮನೆಯಲ್ಲಿದ್ದು, ಮೂವತ್ತೆಂಟಕ್ಕೆ ಮತ್ತೆ ಕೆಲಸಕ್ಕೆ ಬಂದಿದ್ದಾಳೆ. ಏನು ಹೇಳಿದರೂ "ಸರಿ ಮೇಡಂ". ಬೈದರೂ "ಸರಿ ಮೇಡಂ". ಎದೆಯ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ, ನಾನು ಸೀನಿದರೂ ಅದರಲ್ಲಿ ಬರೆದುಕೊಳ್ಳುತ್ತಾಳೆ. ಇವಳನ್ನು ನೋಡಿದರೆ ಯಾಕೋ ನನಗೆ ಮೈ ಉರಿಯುತ್ತದೆ.

ಮಾರ್ಚ್ 26

ತಪಾಸಣೆ ಮುಗಿಯಿತು. ದಾಖಲೆಗಳು ಅಚ್ಚುಕಟ್ಟಾಗಿವೆ ಎಂದರು. ಚಹಾ ಕುಡಿದು ಹೋದರು.

ಏಪ್ರಿಲ್ 9, ಬುಧವಾರ

ಏನು ಬರೆಯಲಿ. ಕೋಪಕ್ಕೆ ಎರಡು ಸಲ ಪೆನ್ನಿನ ಮೊನೆ ಕಾಗದ ಹರಿಯಿತು.

ಮೂರನೆಯ ಮಂಚದ ದರ್ಜಿ, ಅರವತ್ತೊಂದು ವರ್ಷ, ನ್ಯುಮೋನಿಯಾದಿಂದ ಚೇತರಿಸಿಕೊಂಡು ನಾಳೆ ಜನರಲ್ ವಾರ್ಡಿಗೆ ಹೋಗಬೇಕಾಗಿದ್ದವನು. ಔಷಧಿ ಬಿಡಲು ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ್ದ ಕೊಳವೆ, ನಮ್ಮ ಮಾತಿನಲ್ಲಿ ಲೈನ್, ತೆಗೆಯುವುದೊಂದು ಬಾಕಿ ಇತ್ತು. ತಿಂಡಿ ತಿಂದು, ದಿಂಬಿಗೆ ಒರಗಿ ಕೂತು ಪಕ್ಕದವನಿಗೆ ಕಾಲರ್ ಹೊಲಿಯುವುದು ಹೇಗೆಂದು ವಿವರಿಸುತ್ತಿದ್ದ. ಸರಿ-ಮೇಡಂ ಹೋಗಿ, ಕೂತಿದ್ದವನನ್ನು ಕೂತ ಹಾಗೆಯೇ ಇರಿಸಿ ಲೈನ್ ಎಳೆದಿದ್ದಾಳೆ. ಕೂತವರ ಕುತ್ತಿಗೆಯಿಂದ ಅದನ್ನು ತೆಗೆಯಬಾರದು, ಆ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ. ಮಟ್ಟಸವಾಗಿ ಮಲಗಿಸಬೇಕು. ನರ್ಸಿಂಗ್ ಓದಿದ ಯಾರಿಗೂ ಗೊತ್ತಿರಬೇಕಾದ ಮಾತು ಇದು.

ಗಾಳಿ ಹೋಯಿತು. ದರ್ಜಿ ಒಮ್ಮೆ ಏದುಸಿರು ಬಿಟ್ಟು ಬಿದ್ದುಬಿಟ್ಟ. ನಾನು ಓಡಿ ಹೋಗಿ ಎಡಮಗ್ಗುಲಿಗೆ ತಿರುಗಿಸಿ ಮಂಚದ ತಲೆಭಾಗ ಇಳಿಸಿದೆ, ಡಾಕ್ಟರು ಬಂದರು, ಜೀವ ಉಳಿಯಿತು. ಬಲಗೈ ಏಳುತ್ತಿಲ್ಲ. ದರ್ಜಿಯ ಬಲಗೈ.

ಸರಿ-ಮೇಡಂ ಗೋಡೆಗೆ ಆತು ನಿಂತಿದ್ದಳು, ಕೈಯಲ್ಲಿ ಇನ್ನೂ ಆ ಲೈನ್ ಹಿಡಿದುಕೊಂಡು. ಹೊರಗೆ ಹೋಗು ಎಂದೆ. ಹೋದಳು.

ಏಪ್ರಿಲ್ 10

ಅವಳನ್ನು ಅಮಾನತು ಮಾಡಿದರು. ಒಳ್ಳೆಯದೇ ಆಯಿತು. ಇಷ್ಟು ವರ್ಷ ಕಟ್ಟಿದ ವಾರ್ಡಿಗೆ ಒಂದೇ ಬೆಳಿಗ್ಗೆ ಮಸಿ ಬಳಿದು ಹೋದಳು. ಇನ್ನು ನರ್ಸಿಂಗ್ ಪರಿಷತ್ತಿಗೆ ದೂರು ಹೋಗುತ್ತದೆ, ನೋಂದಣಿ ರದ್ದಾದರೆ ಅವಳು ಮತ್ತೆ ಎಲ್ಲಿಯೂ ನರ್ಸ್ ಆಗುವ ಹಾಗಿಲ್ಲ.

ದರ್ಜಿಯ ಹೆಂಡತಿ ಮಂಚದ ಪಕ್ಕದಲ್ಲಿ ಕೂತು ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಿದ್ದಾಳೆ. ನಾನು ಹತ್ತಿರ ಹೋದಾಗ ತಲೆ ಎತ್ತದೆಯೇ ಕೇಳಿದಳು.

"ಆಕೆಗೆ ಈ ಕೆಲ್ಸ ಕಲ್ಸಿದ್ದು ಯಾರು?"

ಇಲ್ಲಿ ಎಲ್ಲರಿಗೂ ಆಸ್ಪತ್ರೆಯೇ ತರಬೇತಿ ಕೊಡುತ್ತದೆ ಎಂದೆ. ಆಕೆ ಮುಂದಿನ ಬೆರಳು ಹಿಡಿದಳು. ಇನ್ನೇನು ಹೇಳಬೇಕಿತ್ತು ನಾನು?

ಏಪ್ರಿಲ್ 14, ಸೋಮವಾರ

ಆಸ್ಪತ್ರೆಯ ವಕೀಲ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಕೂರುವ ಮೊದಲು ಕುರ್ಚಿ ಒರೆಸುವ ಜಾತಿ. ಆದರೆ ಕಾನೂನನ್ನು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಕಲಿಯದವಳ ಕೈಗೆ ಕೆಲಸ ಕೊಟ್ಟಿದ್ದರೆ ತಪ್ಪು ಕೊಟ್ಟವರದು, ಅಂದರೆ ನನ್ನದು, ನನ್ನ ಬೆನ್ನಿಗೆ ಆಸ್ಪತ್ರೆಯದು. ಕಲಿತು ಪರೀಕ್ಷೆಯಾದವಳಿಗೆ ಕೊಟ್ಟು ಅವಳು ಎಡವಿದರೆ ಹೊಣೆಯ ಹೆಚ್ಚಿನ ಪಾಲು ಅವಳದೇ. ಇಡೀ ಪ್ರಕರಣ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಆಕೆ ಕಲಿತಿದ್ದಳೇ?

ಆಮೇಲೆ ಸರಿ-ಮೇಡಂಳ ಕೌಶಲ ಪುಸ್ತಕ ತೆರೆದು ನನ್ನ ಮುಂದೆ ಇಟ್ಟ. ಕುತ್ತಿಗೆಯ ಲೈನ್ ತೆಗೆಯುವುದು. ನೋಡಿದ್ದೇನೆ, ನೋಡಿದ್ದೇನೆ, ನೋಡಿದ್ದೇನೆ. ಮೂರು ತಾರೀಕು, ಮೂರು ಸಹಿ. ನನ್ನ ಸಹಿ ಚೆನ್ನಾಗಿದೆ ಎಂದು ಹೊಗಳಿದ.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದ.

"ಮೇಡಂ, ನಿಮ್ಮ ಹತ್ರ ಖಾಸಗಿ ಟಿಪ್ಪಣಿ, ಡೈರಿ ಗೀರಿ ಏನಾದ್ರೂ ಇದ್ಯಾ? ಇದ್ರೆ ಅದೂ ದಾಖಲೆನೇ. ವಿಚಾರಣೇಲಿ ಕೇಳ್ಬಹುದು."

ಇಲ್ಲ ಎಂದೆ. ನಾನೇನು ಕಾಲೇಜು ಹುಡುಗಿಯೇ ಎಂದು ನಕ್ಕೆ. ಅವನೂ ನಕ್ಕ.

ಏಪ್ರಿಲ್ 15

ಈ ಪುಸ್ತಕವನ್ನು ಹಾಸಿಗೆಯ ಕೆಳಗಿನಿಂದ ತೆಗೆದು ಹಳೆಯ ಬಟ್ಟೆಗಳ ಪೆಟ್ಟಿಗೆಗೆ ಹಾಕಿದ್ದೆ. ಈಗ ಬರೆಯಲು ಮತ್ತೆ ತೆಗೆದಿದ್ದೇನೆ. ಹರಿದು ಹಾಕಿದರೆ ಮುಗಿಯಿತು. ಹಲ್ಲಿನ ಪುಟ ಒಂದನ್ನೇ ಹರಿದರೂ ಸಾಕು.

ಹೌದು, ಮಾರ್ಚ್ ನಾಲ್ಕು. ನಿನ್ನೆಯೇ ಕಣ್ಣಿಗೆ ಬಿತ್ತು. ಎರಡನೆಯ ಖಾನೆಯಲ್ಲಿರುವ ತಾರೀಕು ಅದೇ. ರಿಜಿಸ್ಟರಿನಲ್ಲಿ ಆ ದಿನ ಯಾರೋ ಯಾರದೋ ಲೈನ್ ತೆಗೆದದ್ದು ನೋಡಿ ಹಾಕಿಬಿಟ್ಟಿದ್ದೇನೆ. ನಾನು ಬಾಯಲ್ಲಿ ಹತ್ತಿ ಇಟ್ಟುಕೊಂಡು ಮನೆಯಲ್ಲಿ ಬಿದ್ದಿದ್ದ ದಿನ.

ತಾರೀಕಿನಲ್ಲಿ ಒಂದು ತಪ್ಪಾದರೆ ಏನಾಯಿತು? ದರ್ಜಿಯ ಕೈಗೂ ತಾರೀಕಿಗೂ ಏನು ಸಂಬಂಧ? ಮಲಗಿಸಬೇಕೆಂದು ಗೊತ್ತಿಲ್ಲದ್ದು ಅವಳಿಗೆ, ನನಗಲ್ಲ.

ಏಪ್ರಿಲ್ 21, ಸೋಮವಾರ

ಸರಿ-ಮೇಡಂ ಲಿಖಿತ ಹೇಳಿಕೆ ಕೊಟ್ಟಿದ್ದಾಳೆ. ವಕೀಲ ಖುಷಿಯಿಂದ ಒಂದು ಪ್ರತಿ ಕಳಿಸಿದ್ದಾನೆ. ಇಲ್ಲಿ ಇಳಿಸುತ್ತೇನೆ, ನನ್ನ ಕಣ್ಣನ್ನು ನಾನೇ ನಂಬದ ಕಾರಣ:

'ಮೇಲ್ವಿಚಾರಕಿಯವರು ನನಗೆ ಈ ಕೆಲಸವನ್ನು ಸರಿಯಾಗಿ ಕಲಿಸಿದ್ದಾರೆ. ನಾನು ಮಾಡುವಾಗ ಪಕ್ಕದಲ್ಲಿ ನಿಂತು ಮೂರು ಸಲ ನೋಡಿದ್ದಾರೆ. ತಪ್ಪು ನನ್ನೊಬ್ಬಳದೇ.'

ಓದಿದವಳೇ ಕಾಗದವನ್ನು ಮೇಜಿನ ಮೇಲೆ ಕುಕ್ಕಿದೆ. ಯಾರು ಕೇಳಿದ್ದರು ಇವಳ ದಾನವನ್ನು? ನನ್ನನ್ನು ಉಳಿಸಲು ಇವಳು ಯಾರು? ಜಗಳವಾಡಿದ್ದರೆ, ನನ್ನ ಮೇಲೆ ಕೆಸರು ಎರಚಿದ್ದರೆ, ನಾನೂ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದೆ. ಹೀಗೆ ಕುತ್ತಿಗೆ ಚಾಚಿ ನಿಂತವಳನ್ನು ಏನು ಮಾಡುವುದು? ಇದು ಒಂದು ರೀತಿಯ ಅಹಂಕಾರವೇ.

ಸಂಜೆ ಅಕ್ಕನ ಮೇಲೆ ರೇಗಿದೆ. ಅವಳು ಚಹಾಕ್ಕೆ ಸಕ್ಕರೆ ಹಾಕಿದ್ದು ಹೆಚ್ಚಾಯಿತೆಂದು ನೆಪ.

ಏಪ್ರಿಲ್ 22

ಅಕ್ಕ ಬಿಡುವವಳಲ್ಲ. ನಿನ್ನೆ ರೇಗಿದ್ದಕ್ಕೆ ಇವತ್ತು ಬೆಳಿಗ್ಗೆ ಕೂರಿಸಿಕೊಂಡು ಎಲ್ಲವನ್ನೂ ಕಕ್ಕಿಸಿದಳು. ಮೂವತ್ತೈದು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು. ನಾನು ಹೇಳಿದ್ದನ್ನು ಕೇಳುತ್ತಲೇ, ಹೇಳದೆ ಬಿಟ್ಟದ್ದು ಎಲ್ಲಿದೆಯೆಂದು ಹುಡುಕುತ್ತಾಳೆ.

ಎಲ್ಲ ವಾರ್ಡಿನಲ್ಲೂ ಹಾಗೇ ಸಹಿ ಹಾಕುತ್ತಾರೆ ಎಂದೆ. ಎಲ್ಲ ಹುಡುಗರೂ ಕಾಪಿ ಹೊಡೆದಿದ್ದಾರೆ ಎಂದು ಹೇಳಿದ ಯಾವ ಹುಡುಗನಿಗೂ ತಾನು ಅಂಕ ಕೊಟ್ಟಿಲ್ಲ ಎಂದಳು. ಅದು ಬೇರೆ, ಇದು ಬೇರೆ ಎಂದೆ. ಆಮೇಲೆ ಅವಳು ಸುಮ್ಮನೆ ಕೇಳಿದಳು.

"ಆವತ್ತು ಬೆಳಿಗ್ಗೆ ಆ ಹೆಂಗ್ಸು ನಿನ್ನನ್ನ ಏನೂ ಕೇಳ್ಲಿಲ್ವಾ? ಎಲ್ಲಾ ಬರ್ಕೊಳೋಳು ಅಂತೀಯ. ಅಂಥೋಳು ಏನೂ ಕೇಳ್ದೆ ಹೋಗ್ತಾಳಾ?"

ಏನೂ ಇಲ್ಲ ಎಂದು ಎದ್ದು ಬಂದೆ.

ಒಂದು ಮಾತು ಏಪ್ರಿಲ್ ಒಂಬತ್ತರ ಪುಟದಲ್ಲಿ ಬರೆಯದೆ ಬಿಟ್ಟಿದ್ದೇನೆ. ನನಗಾಗಿಯೇ ಬರೆಯುವ ಪುಸ್ತಕದಲ್ಲೂ ಬಿಟ್ಟಿದ್ದೇನೆ. ಆವತ್ತು ಎಂಟೂವರೆಗೆ ಅವಳು ನನ್ನ ಮೇಜಿನ ಹತ್ತಿರ ಬಂದಿದ್ದಳು. ಮೇಡಂ, ಮೊದಲ ಸಲ ಮಾಡುತ್ತಿದ್ದೇನೆ, ಎರಡು ನಿಮಿಷ ಪಕ್ಕದಲ್ಲಿ ನಿಲ್ಲುತ್ತೀರಾ ಎಂದಳು. ನಾನು ಡ್ಯೂಟಿ ಪಟ್ಟಿ ತಿದ್ದುತ್ತಿದ್ದೆ. ತಲೆ ಎತ್ತಲಿಲ್ಲ. "ನಿನ್ನ ಪುಸ್ತಕ ತುಂಬಿದೆಯಲ್ಲ, ಇನ್ನೂ ಎಷ್ಟು ದಿನ ನನ್ನ ಸೆರಗು ಹಿಡ್ಕೊಂಡಿರ್ತೀಯ?" ಎಂದೆ.

"ಸರಿ ಮೇಡಂ" ಎಂದಳು.

ಏಪ್ರಿಲ್ 25, ಶುಕ್ರವಾರ

ವಿಚಾರಣೆ ಮುಗಿಯುವ ತನಕ ಅವಳನ್ನು ಭೇಟಿಯಾಗಬೇಡಿ ಎಂದು ವಕೀಲ ಎರಡು ಸಲ ಹೇಳಿದ್ದ. ಹೋದೆ. ಆ ಹೇಳಿಕೆಯ ವಿಷಯದಲ್ಲಿ ಅವಳಿಗೆ ಸರಿಯಾಗಿ ಬೈದು ಬರಬೇಕೆಂದೇ ಹೋದದ್ದು, ಬೇರೇನೂ ಅಲ್ಲ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲಿನಲ್ಲಿ ಗ್ರೀಸಿನ ವಾಸನೆ. ಅವಳು ಮಕ್ಕಳ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ನೋಡಿ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಹಿಡಿದು ನಿಂತಳು. ಕೆಳಗಿಡು, ಸುಟ್ಟುಕೊಳ್ಳುತ್ತೀಯ ಎಂದು ನಾನೇ ಹೇಳಬೇಕಾಯಿತು. ಹದಿನೈದು ದಿನದಲ್ಲಿ ಅರ್ಧ ಆಗಿದ್ದಾಳೆ. ಕೂರಲು ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ತೆಗೆದು ನನಗೆ ಕೊಟ್ಟಳು.

ಆ ಹೇಳಿಕೆ ಬರೆದದ್ದು ಯಾರು ಎಂದು ಕೇಳಿದೆ. ಟೈಪ್ ಮಾಡಿ ತಂದವನು ವಕೀಲನೇ. ತಪ್ಪೊಪ್ಪಿಕೊಂಡರೆ ಪರಿಷತ್ತು ಮೆದುವಾಗಿ ನೋಡುತ್ತದೆ, ಇಲ್ಲದಿದ್ದರೆ ನೋಂದಣಿ ಹೋಗುತ್ತದೆ ಎಂದನಂತೆ. ಅವನು ಹೇಳಿದ್ದು ಸುಳ್ಳು. ಒಪ್ಪಿಕೊಂಡರೆ ನೋಂದಣಿ ಹೋಗುವುದು ಇನ್ನೂ ಸಲೀಸು. ಅವನು ಆಸ್ಪತ್ರೆಯ ವಕೀಲ, ನಿನ್ನ ವಕೀಲನಲ್ಲ, ಅಷ್ಟೂ ತಿಳಿಯುವುದಿಲ್ಲವೇ ಎಂದು ಗದರಿದೆ. ನಾನು ಮೂರು ಸಲ ನೋಡಿದೆ ಅಂತ ನೀನು ಸಹಿ ಹಾಕಿದೆಯಲ್ಲ, ನಾನು ಯಾವಾಗ ನೋಡಿದೆ, ಹೇಳು ನೋಡೋಣ ಎಂದೆ.

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಂಗೂ ನೆನಪಾಗ್ಲಿಲ್ಲ ಮೇಡಂ, ಆವತ್ತೇ ಮೊದಲ್ನೇ ಸಲ ಅನ್ಕೊಂಡಿದ್ದೆ. ಆದ್ರೆ ನಿಮ್ಮ ಸಹಿ ಇತ್ತಲ್ಲ. ನೀವು ಸುಮ್ಸುಮ್ನೆ ಸಹಿ ಹಾಕೋರಲ್ಲ. ನಾನೇ ಮರ್ತಿರ್ಬೇಕು ಅನ್ಕೊಂಡೆ."

ಬೈಯಬೇಕೆಂದು ತಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಮಲಗಿಸಬೇಕೆಂದು ಯಾಕೆ ಹೊಳೆಯಲಿಲ್ಲ ಎಂದು ಕೇಳಿದೆ, ಏನಾದರೂ ಕೇಳಬೇಕಲ್ಲ. ಅವಳು ಒಳಗೆ ಹೋಗಿ ಆ ಪುಟ್ಟ ಪುಸ್ತಕ ತಂದು ಪುಟ ತೆಗೆದು ಕೊಟ್ಟಳು. ಫೆಬ್ರವರಿ ಹದಿನೆಂಟು, ನಾನು ಮಾಡಿ ತೋರಿಸಿದ ದಿನ. ತೋರಿಸಿದ್ದು ಆ ಒಂದೇ ಸಲ. ಹನ್ನೊಂದು ಹಂತ ಬರೆದಿದ್ದಾಳೆ. ಕೈ ತೊಳೆಯುವುದು. ಪ್ಲಾಸ್ಟರ್ ಚರ್ಮದ ಕಡೆಗೆ ಬಗ್ಗಿಸಿ ಬಿಡಿಸುವುದು. ಎಚ್ಚರವಿರುವ ರೋಗಿಯಾದರೆ ಉಸಿರು ಹಿಡಿಯಲು ಹೇಳುವುದು. ಐದು ನಿಮಿಷ ಒತ್ತಿ ಹಿಡಿಯುವುದು, ನಡುವೆ ಎತ್ತಿ ನೋಡಬಾರದು. ನಾನು ಅಂದ ಒಂದು ಮಾತನ್ನೂ ಬಿಟ್ಟಿಲ್ಲ. 'ಮೇಡಂ ಶುರು ಮಾಡುವ ಮುಂಚೆ ಕನ್ನಡಕವನ್ನು ಹಣೆಗೆ ಏರಿಸುತ್ತಾರೆ, ಕಾರಣ ಗೊತ್ತಿಲ್ಲ' ಎಂದೂ ಬರೆದಿದ್ದಾಳೆ.

ಮಲಗಿಸುವುದು ಇಲ್ಲ. ಎರಡು ಸಲ ಹುಡುಕಿದೆ.

ನೆನಪಾಯಿತು. ಆವತ್ತಿನ ರೋಗಿಗೆ ಪ್ರಜ್ಞೆ ಇರಲಿಲ್ಲ. ಮೊದಲೇ ಮಟ್ಟಸವಾಗಿ ಮಲಗಿದ್ದ. ಮಲಗಿದ್ದವನನ್ನು ಮಲಗಿಸುವುದೇನು? ನಾನು ಹೇಳಲಿಲ್ಲ. ನನಗೆ ಅದು ಉಸಿರಾಡಿದ ಹಾಗೆ, ಹೇಳಬೇಕೆಂದು ತೋಚಲೂ ಇಲ್ಲ. ಹೇಳಿದ್ದನ್ನೆಲ್ಲ ಬರೆದುಕೊಂಡವಳ ಪುಸ್ತಕದಲ್ಲಿ ಹೇಳದೆ ಬಿಟ್ಟ ಆ ಒಂದು ಹಂತ ಮಾತ್ರ ಇಲ್ಲ. ಎರಡನೆಯ ಸಲ ನಾನು ಪಕ್ಕದಲ್ಲಿ ನಿಂತಿದ್ದರೆ ಅಲ್ಲೇ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಮೂರು ಖಾನೆ ಇಟ್ಟದ್ದು ಅದಕ್ಕೇ.

ಕೆಳಗೆ ಬಂದು ಸೈಕಲ್ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಅಂಗಡಿಯವನು ಗಾಳಿ ಹಾಕಬೇಕೇ ಎಂದು ಕೇಳಿದ. ನನ್ನ ಬಳಿ ಸೈಕಲ್ಲೇ ಇರಲಿಲ್ಲ.

ಏಪ್ರಿಲ್ 28

ವಕೀಲನಿಗೂ ಮಾರ್ಚ್ ನಾಲ್ಕು ಸಿಕ್ಕಿದೆ. ರಜೆಯ ಕಡತ ತಿರುವಿ ಹಾಕಿದನಂತೆ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಮಾತಾಡಿದ. ಆ ರಜೆ ಅರ್ಜಿ ಸಹಿಯಾಗದೆ ಎಲ್ಲೋ ಉಳಿದಿದೆಯಂತೆ, ಅದನ್ನು ಅರ್ಧ ದಿನ ಎಂದು ಸರಿಪಡಿಸಬಹುದಂತೆ.

"ಬೆಳಿಗ್ಗೆ ಹಲ್ಲು ಕೀಳಿಸ್ಕೊಂಡು, ಮಧ್ಯಾಹ್ನ ಒಂದ್ಸಲ ವಾರ್ಡಿಗೆ ಬಂದು ಹೋದ ನೆನಪು ನಿಮಗಿರ್ಬಹುದು, ಅಲ್ವಾ ಮೇಡಂ?"

ಬೇರೊಬ್ಬರ ನೆನಪನ್ನು ಇಸ್ತ್ರಿ ಮಾಡಿ ಕೊಡುವವನು. ಇಲ್ಲವೆಂದರೆ ಏನಾಗುತ್ತದೆ ಎಂದು ಕೇಳಿದೆ. ಅದನ್ನೂ ಬಿಡಿಸಿ ಹೇಳಿದ: ಸುಳ್ಳು ದಾಖಲೆ, ಕಲಿಯದವಳಿಗೆ ಕೆಲಸ ವಹಿಸಿದ್ದು, ಎರಡೂ ನನ್ನ ತಲೆಗೆ ಬರುತ್ತವೆ. ಹುದ್ದೆ ಖಂಡಿತ ಹೋಗುತ್ತದೆ. ನೋಂದಣಿಯೂ ಹೋಗಬಹುದು. ನಿವೃತ್ತಿಗೆ ಆರು ವರ್ಷ ಇರುವಾಗ ಯಾಕೆ ಬೇಕು ಎಂದು ಅನುಕಂಪದಿಂದ ತಲೆಯಾಡಿಸಿದ.

ಯೋಚಿಸುತ್ತೇನೆ ಎಂದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ: ನಿಜವಾಗಿಯೂ ಯೋಚಿಸಿದೆ. ಮಧ್ಯಾಹ್ನ ಎರಡಕ್ಕೆ ವಾರ್ಡಿನ ಬಾಗಿಲಲ್ಲಿ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ನಿಂತ ನನ್ನನ್ನು ಕಣ್ಣ ಮುಂದೆ ತಂದುಕೊಂಡೂ ನೋಡಿದೆ. ಚೆನ್ನಾಗಿಯೇ ಕಂಡೆ.

ಮೇ 1

ವ್ಯಾಯಾಮದ ಕೋಣೆಯಲ್ಲಿ ದರ್ಜಿಯನ್ನು ನೋಡಿದೆ. ಚಮಚ ಹಿಡಿಯುತ್ತಾನೆ. ಕತ್ತರಿ ಕೊಟ್ಟರೆ ಬೀಳಿಸುತ್ತಾನೆ. ಬಿದ್ದ ಕತ್ತರಿಯನ್ನು ಹೆಂಡತಿ ಎತ್ತಿ ಕೊಡುತ್ತಾಳೆ, ಮತ್ತೆ ಬೀಳಿಸುತ್ತಾನೆ, ಮತ್ತೆ ಎತ್ತಿ ಕೊಡುತ್ತಾಳೆ. ಆಕೆ ನನ್ನನ್ನು ನೋಡಿದಳು. ನಾನು ದೊಡ್ಡ ಕೆಲಸವಿದ್ದವಳಂತೆ ಹೊರಟುಬಂದೆ.

ಮೇ 6, ಮಂಗಳವಾರ, ಬೆಳಿಗ್ಗೆ

ಇವತ್ತು ವಿಚಾರಣೆ. ಈ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೇನೆ.

ಅವಳಿಗಾಗಿ ಅಲ್ಲ. ಅವಳ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಿಲ್ಲುತ್ತೀರಾ ಎಂದು ಕೇಳಿದವಳು ನಿಲ್ಲಲೇಬೇಕು ಎಂದು ಹಟ ಹಿಡಿಯಬೇಕಿತ್ತು. ಆದರೆ ನನ್ನ ಅಕ್ಷರದಲ್ಲಿ ಬೇರೊಬ್ಬ ಸುಳ್ಳು ಹೇಳುವುದನ್ನು ನಾನು ಸಹಿಸುವುದಿಲ್ಲ. ಹೇಳುವುದಾದರೆ ನಾನೇ ಹೇಳುತ್ತೇನೆ, ಹೇಳಿದ್ದೂ ಆಗಿದೆ.

ಅಕ್ಕ ಜೊತೆಗೆ ಬರುತ್ತಾಳಂತೆ. ಬೇಡವೆಂದೆ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ.

ಮೇ 7

ಇದು ಹೊಸ ಪುಸ್ತಕ, ಅಕ್ಕ ಕೊಟ್ಟದ್ದು, ಅಂಚಿಗೆ ಕೆಂಪು ಗೆರೆ ಎಳೆದ ಶಾಲೆಯ ನೋಟ್‌ಬುಕ್. ಹಳೆಯದು ಈಗ ವಿಚಾರಣೆಯವರ ಬೀರುವಿನಲ್ಲಿ ಲಕೋಟೆಯೊಳಗಿದೆ.

ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ನಿವೃತ್ತ ನರ್ಸಿಂಗ್ ಅಧೀಕ್ಷಕಿ, ತಲೆಯೆಲ್ಲ ಬೆಳ್ಳಗೆ, ಕಣ್ಣು ಸೂಜಿ. ಈಚೆ ವಕೀಲ, ಸರಿ-ಮೇಡಂ, ಗೋಡೆಯ ಪಕ್ಕದ ಕುರ್ಚಿಯಲ್ಲಿ ದರ್ಜಿಯ ಹೆಂಡತಿ. ಈಕೆಗೆ ತರಬೇತಿ ಕೊಟ್ಟವರು ಯಾರು ಎಂದು ಅಧೀಕ್ಷಕಿ ಕೇಳಿದರು. ಆಸ್ಪತ್ರೆಯ ವ್ಯವಸ್ಥೆಯ ಪ್ರಕಾರ ಎಂದು ವಕೀಲ ಶುರು ಮಾಡಿದ.

"ನಾನು," ಎಂದೆ. "ಒಂದು ಸಲ ತೋರಿಸಿದೆ, ಅದೂ ಅರ್ಧ. ಒಂದು ಸಲವೂ ನೋಡಲಿಲ್ಲ. ಮೂರು ಸಹಿ ಹಾಕಿದೆ."

ಡೈರಿ ತೆಗೆದು ಮೇಜಿನ ಮೇಲೆ ಇಟ್ಟೆ. ವಕೀಲ ಎದ್ದು ನಿಂತು, ಇದು ಖಾಸಗಿ ಪುಸ್ತಕ, ಪರಿಗಣಿಸಬಾರದು ಎಂದ. ಇದ್ದರೆ ಅದೂ ದಾಖಲೆಯೇ ಎಂದು ನನ್ನ ಕೋಣೆಯ ಬಾಗಿಲಲ್ಲಿ ನೀವೇ ಹೇಳಿದ್ದಿರಿ, ಆ ಮಾತೂ ಅದರಲ್ಲಿದೆ, ಏಪ್ರಿಲ್ ಹದಿನಾಲ್ಕು ಎಂದೆ. ಅವನು ಕೂತ. ರಜೆಯ ಅರ್ಜಿಯ ಮಾತು ಏಪ್ರಿಲ್ ಇಪ್ಪತ್ತೆಂಟರಲ್ಲಿದೆ ಎಂದು ನಾನು ಹೇಳಲಿಲ್ಲ. ಓದುವವರಿಗೆ ಸಿಗುತ್ತದೆ.

ಅಧೀಕ್ಷಕಿ ಗಟ್ಟಿಯಾಗಿಯೇ ಓದಿದರು. ನಾನು ದಂತವೈದ್ಯನ ಸಹಾಯಕಿಯ ಮಣಿಕಟ್ಟು ಹಿಡಿದದ್ದು ಇಡೀ ಕೋಣೆಗೆ ಗೊತ್ತಾಯಿತು. ಆಮೇಲೆ 'ಸರಿ-ಮೇಡಂ'. ಇವಳನ್ನು ನೋಡಿದರೆ ಮೈ ಉರಿಯುತ್ತದೆ. ಅದನ್ನೂ ಓದಿದರು. ಅವಳು ಅಲ್ಲೇ ಕೂತಿದ್ದಳು. ನೆಲ ಬಾಯಿಬಿಡಬಾರದೇ ಅನಿಸಿತು.

ಓದಿ ಮುಗಿಸಿ ಅವಳ ಕಡೆ ತಿರುಗಿದರು. ಮೇಲ್ವಿಚಾರಕಿ ಮೂರು ಸಲ ನೋಡಿದ್ದಾರೆ ಎಂದು ನಿನ್ನ ಹೇಳಿಕೆಯಲ್ಲಿದೆ, ನಿಜವೇ ಎಂದು ಕೇಳಿದರು. ವಕೀಲ ಅವಳನ್ನು ನೋಡಿದ. ಅವಳು ನನ್ನನ್ನು ನೋಡಿದಳು.

"ಇಲ್ಲ," ಎಂದಳು. ಮೇಡಂ ಎಂದು ಸೇರಿಸಲೂ ಇಲ್ಲ.

ಹೊರಗೆ ಬರುವಾಗ ದರ್ಜಿಯ ಹೆಂಡತಿ ಅಡ್ಡ ನಿಂತಳು.

"ಆವತ್ತು ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಕ್ಷಮಿಸಿ ಎಂದೆ. ಆ ಮಾತು ಇಟ್ಟುಕೊಂಡು ತಾನೇನು ಮಾಡಲಿ ಎಂದು ಹೇಳಿ ಆಕೆ ಮೆಟ್ಟಿಲಿಳಿದು ಹೋದಳು. ಸರಿಯಾಗಿಯೇ ಹೇಳಿದಳು.

ಜೂನ್ 20

ಆದೇಶ ಬಂತು. ತಪ್ಪಿನಲ್ಲಿ ಆಸ್ಪತ್ರೆಗೂ ಪಾಲಿದೆ, ನನಗೆ ಹೆಚ್ಚು, ಆಕೆಗೆ ಕಡಿಮೆ. ಆಕೆಯ ನೋಂದಣಿ ಉಳಿಯಿತು. ಮತ್ತೆ ತರಬೇತಿ ಪಡೆದು ಕೆಲಸಕ್ಕೆ ಸೇರಬಹುದು. ನನ್ನನ್ನು ಮೇಲ್ವಿಚಾರಣೆಯಿಂದ ತೆಗೆದಿದ್ದಾರೆ. ನೋಂದಣಿ ಎರಡು ವರ್ಷ ಷರತ್ತಿನ ಮೇಲೆ. ಮಾಮೂಲಿ ನರ್ಸ್ ಆಗಿ, ಕೆಳಗಿನ ಮಹಡಿಯಲ್ಲಿ, ನನಗಿಂತ ಹನ್ನೆರಡು ವರ್ಷ ಚಿಕ್ಕ ಮೇಲ್ವಿಚಾರಕಿಯ ಕೈಕೆಳಗೆ. ಅಪಾಯವಿರುವ ಪ್ರತಿ ಕೆಲಸಕ್ಕೂ ನನಗೂ ಹೊಸ ಕೌಶಲ ಪುಸ್ತಕ. ಖಾಲಿ ಖಾನೆಗಳು, ಮೂರು ಮೂರು.

ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ ನನಗೆ ಬರುತ್ತದೆಯೇ ಎಂದು ನೋಡುತ್ತಾರಂತೆ. ಮೈಯೆಲ್ಲ ಉರಿದುಹೋಯಿತು. ಅಕ್ಕ ಆದೇಶವನ್ನು ಎರಡು ಸಲ ಓದಿ, ಕಾಗುಣಿತದ ಮೂರು ತಪ್ಪಿಗೆ ಗುರುತು ಹಾಕಿ ವಾಪಸು ಕೊಟ್ಟಳು.

ಜುಲೈ 3, ಗುರುವಾರ

ಇವತ್ತು ಕುತ್ತಿಗೆಯ ಲೈನ್. ಹೊಸ ಮೇಲ್ವಿಚಾರಕಿ ಒಂದು ಪಕ್ಕ, ಇನ್ನೊಂದು ಪಕ್ಕ ಅವಳು. ಇಬ್ಬರಿಗೂ ಒಟ್ಟಿಗೇ ತರಬೇತಿ, ಮೊದಲು ನಾನು ಮಾಡುವುದು, ಅವಳು ನೋಡುವುದು. ಅವಳ ಕೈಯಲ್ಲಿ ಅದೇ ಪುಟ್ಟ ಪುಸ್ತಕ.

ರೋಗಿಗೆ ನಿದ್ದೆ, ಮಟ್ಟಸವಾಗಿ ಮಲಗಿದ್ದ. ನಾನು ಕನ್ನಡಕ ಹಣೆಗೆ ಏರಿಸಿ, ಕೈಗವಸು ತೊಟ್ಟು, ಪ್ಲಾಸ್ಟರಿಗೆ ಕೈ ಹಾಕಿದೆ.

"ಇಲ್ಲ ಮೇಡಂ, ನಿಲ್ಲಿ," ಎಂದಳು. "ಮಲಗ್ಸೋದನ್ನ ನೀವು ಹೇಳ್ಲಿಲ್ಲ."

"ಮಲಗೇ ಇದ್ದಾರಲ್ಲ, ಕಣ್ಣು ಕಾಣಲ್ವಾ ನಿಂಗೆ?"

"ಕಾಣುತ್ತೆ. ಆದ್ರೂ ಬಾಯಿಬಿಟ್ಟು ಹೇಳಿ. ನೀವು ಹೇಳ್ದಿದ್ರೆ ನಾನು ಬರ್ಕೊಳೋದು ಹೇಗೆ?"

ಹೊಸ ಮೇಲ್ವಿಚಾರಕಿ ಕಿಟಕಿಯ ಕಡೆ ನೋಡುತ್ತಾ ನಿಂತಳು. ಎಷ್ಟು ಕೊಬ್ಬು ಇವಳಿಗೆ ಎಂದುಕೊಂಡೆ. ಕೈ ಹಿಂದಕ್ಕೆ ತೆಗೆದೆ. ರೋಗಿ ಮಟ್ಟಸವಾಗಿ ಮಲಗಿದ್ದಾರೆ, ದಿಂಬು ತೆಗೆದಿದೆ, ಕೂತಿದ್ದರೆ ಮೊದಲು ಮಲಗಿಸಬೇಕು ಎಂದು ಒಂದೊಂದೇ ಮಾತಾಗಿ ಹೇಳಿದೆ. ಅವಳು ಬರೆದುಕೊಂಡಳು. ಮುಗಿಯುವವರೆಗೂ ತಲೆ ಎತ್ತದೆ ನೋಡಿದಳು, ನಾನು ಒತ್ತಿ ಹಿಡಿದ ಐದು ನಿಮಿಷವನ್ನೂ ಗಡಿಯಾರ ನೋಡಿ ಎಣಿಸಿದಳು. ನನ್ನ ಪುಸ್ತಕದ ಮೊದಲ ಖಾನೆಗೆ ಮೇಲ್ವಿಚಾರಕಿ ಅಲ್ಲೇ ನಿಂತು ಇವತ್ತಿನ ತಾರೀಕು ಹಾಕಿ ಸಹಿ ಮಾಡಿದಳು.

ಮನೆಗೆ ಬಂದು ಅಕ್ಕನ ಮುಂದೆ ಕೂಗಾಡಿದೆ, ಎಲ್ಲರ ಎದುರಿಗೆ ನನ್ನ ಕೈ ತಡೆದಳು ಎಂದು. ಯಾರು ಎಂದಳು ಅಕ್ಕ. ಹೆಸರು ಹೇಳಿದೆ. ಯಾರದು, ನಾನು ಕೇಳಿಯೇ ಇಲ್ಲವಲ್ಲ ಎಂದಳು. ಅದೇ, ಆ ಸರಿ-ಮೇಡಂ ಎಂದು ಬಿಡಿಸಿ ಹೇಳಬೇಕಾಯಿತು. ಅಕ್ಕನಿಗೆ ವಯಸ್ಸಾಯಿತು, ಯಾವುದೂ ನೆನಪಿರುವುದಿಲ್ಲ.

ಇನ್ನೆರಡು ಸಲ ಬಾಕಿ ಇದೆ.